ಫಲಕದಲ್ಲಿ ಅರವತ್ತು ಪಾಲು, ಮನೆಯಲ್ಲಿ ಎಷ್ಟು?

ಕುರುಹು ಬೇರೆ, ಅರಿವು ಬೇರೆ. ಕುರುಹು ಕಣ್ಣಿಗೆ ಕಾಣುತ್ತದೆ, ಅರಿವು ಕಾಣುವುದಿಲ್ಲ. ಕಾಣದ ಅರಿವನ್ನು ಮನಸ್ಸಿನಲ್ಲಿ ನೆಲೆಗೊಳಿಸುವುದಕ್ಕಾಗಿಯೇ ಹಿರಿಯರು ಕಾಣುವ ಕುರುಹನ್ನು ನಮ್ಮ ಕೈಗೆ ಕೊಟ್ಟರು. ಇವೆರಡನ್ನೂ ಕೂಡಿಸುವ ಮೂರನೆಯದೊಂದಿದೆ. ಅದೇ ಆಚಾರ, ಅಂದರೆ ದಿನನಿತ್ಯದ ನಡೆ. ಅರಿವಿಲ್ಲದ ಕುರುಹು ಹೊರೆಯಾಗುತ್ತದೆ; ಆಚಾರವಿಲ್ಲದ ಅರಿವು ಒಣಮಾತಾಗುತ್ತದೆ. ವೀರಶೈವ ಶಾಸ್ತ್ರವನ್ನು ಓದಲು ಕುಳಿತವನಿಗೆ ಗುರು ಹೇಳುವ ಮೊದಲ ಪಾಠವಿದು. ಆದರೆ ಈ ಪಾಠ ಮತಧರ್ಮಕ್ಕೆ ಮಾತ್ರ ಮೀಸಲಾದುದಲ್ಲ. ಒಂದು ನುಡಿಗೂ ಒಂದು ನಾಡಿಗೂ ಇದು ಸಲ್ಲುತ್ತದೆ. ಜಗತ್ತೆಲ್ಲ ಒಂದೇ ಸಂತೆಯಾಗಿರುವ ಈ ಕಾಲದಲ್ಲಿ ನಮ್ಮ ಯುವಜನಾಂಗ ‘ನಾವು ಯಾರು?’ ಎಂದು ಕೇಳಿಕೊಳ್ಳುತ್ತಿದೆ. ಆ ಪ್ರಶ್ನೆಯನ್ನು ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವದ ಬಡಾವಣೆಗಳನ್ನೂ ಮುಂದಿಟ್ಟುಕೊಂಡು ವಿಚಾರ ಮಾಡುವುದು ಉಚಿತವೆಂದು ನಮಗೆ ತೋರುತ್ತದೆ.

2023ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಅಂಗಡಿಗಳ ನಾಮಫಲಕಗಳಿಗಾಗಿ ಬೆಂಗಳೂರಿನ ಬೀದಿಗಳಲ್ಲಿ ದೊಡ್ಡ ಹೋರಾಟ ನಡೆಯಿತು. ಕೆಲವೆಡೆ ಫಲಕಗಳು ಒಡೆದವು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಿದ್ದುಪಡಿ ಬಂದು, ಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂಬ ವಿಧಿ ಜಾರಿಯಾಯಿತು. ಇದು ಯೋಗ್ಯವಾದ ವಿಧಿ. ನಾಡಿನ ನೆಲದಲ್ಲಿ ನಾಡಿನ ಅಕ್ಷರ ಕಾಣಬೇಕೆಂದು ಬಯಸುವುದು ಅತಿಯಾಸೆಯಲ್ಲ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕನ್ನಡದ ಅಕ್ಷರ ದೊಡ್ಡದಾಗಿ ಕಂಡರೆ ನಮಗೂ ಸಂತೋಷವೇ. ಆದರೆ ಫಲಕವೆಂಬುದು ಕುರುಹು ಮಾತ್ರ. ಅದನ್ನು ಓದುವ ಕಣ್ಣು, ಓದಿ ಅರಿಯುವ ಮನಸ್ಸು, ಅರಿತುದನ್ನು ಆಡುವ ನಾಲಿಗೆ ಎಲ್ಲಿ ತಯಾರಾಗಬೇಕು? ಅಂಗಡಿಯಲ್ಲಲ್ಲ, ಮನೆಯಲ್ಲಿ. ಅಂಗಡಿಯವನಿಗೆ ಅರವತ್ತು ಪಾಲು ಎಂದು ಲೆಕ್ಕ ಹೇಳಿದ ನಾವು ನಮ್ಮ ಮನೆಯೊಳಗೆ ಎಷ್ಟು ಪಾಲು ಇಟ್ಟುಕೊಂಡಿದ್ದೇವೆ? ಈ ಲೆಕ್ಕವನ್ನು ಕೇಳುವ ಅಧಿಕಾರಿ ಯಾರೂ ಇಲ್ಲ. ನಾವೇ ಕೇಳಿಕೊಳ್ಳಬೇಕು.

ಕೆಲವು ಕಾಲದ ಹಿಂದೆ ಕೆ.ಆರ್. ಪುರದ ಕಡೆಯ ಭಕ್ತರೊಬ್ಬರು ಪಾದಪೂಜೆಗೆಂದು ನಮ್ಮನ್ನು ತಮ್ಮ ಮನೆಗೆ ಬರಮಾಡಿಕೊಂಡಿದ್ದರು. ಗಂಡಹೆಂಡಿರಿಬ್ಬರೂ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವವರು, ವಿನಯವಂತರು. ಕಲಬುರ್ಗಿಯ ಕಡೆಯಿಂದ ಬಂದಿದ್ದ ವೃದ್ಧ ತಾಯಿ ಏಳು ವರ್ಷದ ಮೊಮ್ಮಗನನ್ನು ಮಡಿಲಿಗೆ ಕರೆದು, ತಮ್ಮ ಊರಿನ ಕನ್ನಡದಲ್ಲಿ ಏನೋ ಅಕ್ಕರೆಯ ಮಾತು ಹೇಳಿದರು. ಮಗು ಅಜ್ಜಿಯ ಮುಖ ನೋಡಿ, ತಾಯಿಯ ಕಡೆ ತಿರುಗಿ, ಅಜ್ಜಿ ಏನು ಹೇಳುತ್ತಿದ್ದಾರೆಂದು ಇಂಗ್ಲಿಷಿನಲ್ಲಿ ಕೇಳಿತು. ತಾಯಿ ಇಂಗ್ಲಿಷಿನಲ್ಲಿ ತಿಳಿಸಿಕೊಟ್ಟಳು. ಮಗು ನಕ್ಕಿತು, ಅದನ್ನು ಕಂಡು ಅಜ್ಜಿಯೂ ನಕ್ಕರು. ಯಾರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಒಂದೇ ರಕ್ತದ ಅಜ್ಜಿಗೂ ಮೊಮ್ಮಗನಿಗೂ ನಡುವೆ ಒಬ್ಬ ದುಭಾಷಿ ಬೇಕಾದರೆ, ಆ ಮನೆಯ ಮೂರು ತಲೆಮಾರುಗಳಲ್ಲಿ ಒಂದು ಕೊಂಡಿ ಕಳಚಿದೆ ಎಂದೇ ಅರ್ಥ. ಅಜ್ಜಿ ಬದುಕಿರುವಷ್ಟು ದಿನ ತಾಯಿ ಅನುವಾದ ಮಾಡಿಯಾಳು. ಆ ಮೇಲೆ ಅಜ್ಜಿ ಕಂಡ ಬರಗಾಲ, ಅವರು ಬಲ್ಲ ಕಥೆ, ಹಾಡು, ಕಷಾಯ, ಬೈಗುಳ, ಹರಕೆ ಯಾವುದೂ ಆ ಮಗುವಿನದಾಗುವುದಿಲ್ಲ. ಕಾನೂನು ಮುಟ್ಟಲಾರದ ನಷ್ಟ ಇದು.

ಇದಕ್ಕೆಲ್ಲ ಜಾಗತೀಕರಣವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ದಂಡು ಪ್ರದೇಶಕ್ಕೆ ಹೊರಗಿನ ಜಗತ್ತು ಬಂದದ್ದು ನಿನ್ನೆ ಮೊನ್ನೆಯಲ್ಲ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ 1809ರಲ್ಲಿ ಹಲಸೂರಿನ ಬಳಿ ಬಂದು ಬೀಡುಬಿಟ್ಟಿತು. ಅದರ ಬೆನ್ನಿಗೇ ತಮಿಳು ನಾಡಿನಿಂದ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಕಾರರು ಬಂದರು. 1864ರ ಆಗಸ್ಟ್ 1ರಂದು ದಂಡಿನ ನಿಲ್ದಾಣಕ್ಕೂ ಜೋಲಾರಪೇಟೆಗೂ ರೈಲು ಓಡಿ, ಮದರಾಸಿನ ದಾರಿ ತೆರೆಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಇದೇ ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದಾಗ, ಆಕಾಶದ ಉಪಗ್ರಹದೊಡನೆ ಮಾತಾಡುವ ಯಂತ್ರಭಾಗಗಳು ಎತ್ತಿನ ಗಾಡಿಯಲ್ಲಿ ಬಂದವು ಎಂದು ಹೇಳುತ್ತಾರೆ. ಮುಂದೆ ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕು ಬಂದಿತು, ಹೂಡಿ, ಮಹದೇವಪುರಗಳ ಹೊಲಗಳಲ್ಲಿ ಗಾಜಿನ ಕಟ್ಟಡಗಳೆದ್ದವು, 2011ರಲ್ಲಿ ಹಲಸೂರು, ಇಂದಿರಾನಗರಗಳ ಮೇಲೆ ಮೆಟ್ರೊ ಓಡಿತು, 2023ರಲ್ಲಿ ಅದು ಕೆ.ಆರ್. ಪುರವನ್ನು ದಾಟಿ ವೈಟ್‌ಫೀಲ್ಡ್ ಮುಟ್ಟಿತು. ಎರಡು ನೂರು ವರ್ಷಗಳಿಂದ ಇಲ್ಲಿ ಜಗತ್ತು ಬಂದು ಹೋಗುತ್ತಲೇ ಇದೆ. ಬಂದ ಜಗತ್ತಿನ ಮೇಲೆ ತಪ್ಪು ಹೊರಿಸುವ ಮೊದಲು, ಇಲ್ಲಿದ್ದವರು ಅದರೊಡನೆ ಹೇಗೆ ಬಾಳಿದರು ಎಂಬುದನ್ನು ನೋಡಬೇಕು.

ಯುವಜನರು ಮೊದಲು ತಮ್ಮ ಕಾಲಡಿಯ ನೆಲದ ಹೆಸರನ್ನು ತಿಳಿಯಲಿ. ‘ಅಲ್ಸೂರು’ ಎಂದು ಪರಂಗಿಯವರ ನಾಲಿಗೆಯಲ್ಲಿ ತಿರುಚಿದ ಊರು ಹಲಸಿನ ಮರಗಳಿಂದ ಹಲಸೂರಾಯಿತೆಂದು ಹಿರಿಯರು ಹೇಳುತ್ತಾರೆ. ಅಲ್ಲಿಯ ಸೋಮೇಶ್ವರ ದೇವಾಲಯ ದಂಡಿಗಿಂತ ಎಷ್ಟೋ ಶತಮಾನ ಹಳೆಯದು. ಇಂದಿನ ಶಿವಾಜಿನಗರಕ್ಕೆ ಹಿಂದೆ ಬ್ಲಾಕ್‌ಪಲ್ಲಿ ಎಂಬ ಹೆಸರಿತ್ತು. ಅದು ಬಿಳಿಅಕ್ಕಿಪಳ್ಳಿ ಎಂಬ ಕನ್ನಡ ಹೆಸರಿನ ಅಪಭ್ರಂಶವೆಂಬ ಮಾತಿದೆ. ಇಂದಿರಾನಗರಕ್ಕೆ ಹೊಂದಿಕೊಂಡಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಗೋಡೆಗಳಲ್ಲಿ ತಮಿಳು ಶಾಸನಗಳಿವೆ. ನಗರದ ದಕ್ಷಿಣದ ಬೇಗೂರಿನಲ್ಲಿ, ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ಕನ್ನಡ ವೀರಗಲ್ಲು ‘ಬೆಂಗಳೂರು’ ಎಂಬ ಹೆಸರನ್ನೇ ಹೇಳುತ್ತಿದೆ. ಈ ನೆಲ ಎಂದೂ ಒಂದೇ ನುಡಿಯದಾಗಿರಲಿಲ್ಲ. ಎಂದೂ ಕನ್ನಡವಿಲ್ಲದೆಯೂ ಇರಲಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಒಂದನ್ನು ಮರೆತರೆ ದ್ವೇಷ ಹುಟ್ಟುತ್ತದೆ, ಇನ್ನೊಂದನ್ನು ಮರೆತರೆ ಉದಾಸೀನ ಹುಟ್ಟುತ್ತದೆ.

1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗಲೂ ಬ್ರಿಟಿಷರು ಈ ದಂಡನ್ನು ತಮ್ಮಲ್ಲೇ ಉಳಿಸಿಕೊಂಡರು. ಅದು ಮೈಸೂರಿನ ಕೈಸೇರಿದ್ದು 1947ರ ಜುಲೈಯಲ್ಲಿ. ಪೇಟೆಯ ಬೆಂಗಳೂರಿನೊಡನೆ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಆದ್ದರಿಂದ ಪೇಟೆಯಲ್ಲಿ ಕನ್ನಡಕ್ಕಿದ್ದ ಸಹಜ ಆಸರೆ ದಂಡಿನಲ್ಲಿ ಇರಲಿಲ್ಲ. ಅಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳ ನಡುವೆ ಕನ್ನಡ ಪ್ರೀತಿಯಿಂದಲೇ ಸ್ಥಾನ ಪಡೆಯಬೇಕಾಯಿತು. ಪ್ರೀತಿ ತಪ್ಪಿದಾಗ ಏನಾಗುತ್ತದೆಂಬುದನ್ನೂ ನಗರ ಕಂಡಿದೆ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಗಲಭೆಯಾಗಿ ಜೀವಗಳು ಹೋದವು. ಅದೇ ವರ್ಷ ಹಲಸೂರು ಕೆರೆಯ ಬಳಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆ 18 ವರ್ಷಗಳ ಕಾಲ ಮುಸುಕಿನೊಳಗೇ ಉಳಿಯಿತು. 2009ರ ಆಗಸ್ಟ್ 9ರಂದು ಆ ಮುಸುಕು ಸರಿಯಿತು. ನಾಲ್ಕು ದಿನಗಳ ಬಳಿಕ ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ನೀತಿ ಹೇಳಿದ ಇಬ್ಬರು ಕವಿಗಳು ನೆರೆಯವರ ಮನೆಗೆ ಅತಿಥಿಗಳಾಗಿ ಹೋದರು. ಇದರಿಂದ ಕನ್ನಡಕ್ಕೆ ನಷ್ಟವಾಯಿತೆ? ಇಲ್ಲ. ಪರರ ಗುರುವನ್ನು ಗೌರವಿಸಿದವನಿಗೆ ತನ್ನ ಗುರುವಿನ ಗೌರವ ಕೇಳುವ ಹಕ್ಕು ಬರುತ್ತದೆ.

ಬೇಲಿ ಕಟ್ಟಿಕೊಂಡು ತನ್ನತನ ಉಳಿಸಿಕೊಳ್ಳುತ್ತೇವೆ ಎನ್ನುವವರಿಗೆ ಇದೇ ಪೂರ್ವದಿಕ್ಕಿನ ಇನ್ನೊಂದು ಕಥೆ ಪಾಠವಾಗಬೇಕು. ಆಂಗ್ಲೋ ಇಂಡಿಯನ್ ಸಮುದಾಯದ ಮುಖಂಡ ಡಿ.ಎಸ್. ವೈಟ್ ಅವರು ತಮ್ಮ ಜನರಿಗಾಗಿಯೇ ಒಂದು ಊರು ಬೇಕೆಂದು ಬಯಸಿದರು. ಚಾಮರಾಜೇಂದ್ರ ಒಡೆಯರು ಉದಾರವಾಗಿ ಭೂಮಿ ಕೊಟ್ಟರು. 1882ರಲ್ಲಿ ಆ ಊರಿಗೆ ಅಂಕುರವಾಯಿತು. ಅದೇ ವೈಟ್‌ಫೀಲ್ಡ್. ಚೊಕ್ಕವಾದ ಮನೆಗಳು, ಹಣ್ಣಿನ ತೋಟಗಳು, ತಮ್ಮದೇ ಚರ್ಚು, ತಮ್ಮದೇ ಆಟಪಾಠ. ಆದರೆ ಸ್ವಾತಂತ್ರ್ಯದ ನಂತರ ಆ ಸಮುದಾಯದ ಎಷ್ಟೋ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಗಳಿಗೆ ಹೊರಟುಹೋದವು. ಇಂದು ಆ ಊರಿನ ಹೆಸರು ಜಗತ್ತಿಗೆಲ್ಲ ಗೊತ್ತು. ಆ ಹೆಸರು ಹೊತ್ತು ಬಂದ ಬದುಕು ಗೊತ್ತಿಲ್ಲ. ಅವರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಅವರು ಸಜ್ಜನರು, ಶ್ರಮಜೀವಿಗಳು. ಆದರೆ ನೆಲದೊಡನೆ ಕೊಡುಕೊಳ್ಳುವಿಕೆ ಇಲ್ಲದ ಬೇಲಿ ಎಷ್ಟೇ ಎತ್ತರವಾಗಿದ್ದರೂ ಒಳಗಿನದನ್ನು ಕಾಯುವುದಿಲ್ಲ. ಇಂದು ಅದೇ ವೈಟ್‌ಫೀಲ್ಡಿನಲ್ಲಿ, ಕೆ.ಆರ್. ಪುರದಲ್ಲಿ ಎತ್ತರದ ಗೋಡೆಗಳ ವಸತಿ ಸಮುಚ್ಚಯಗಳೊಳಗೆ ಬಾಳುತ್ತಿರುವ ನಮ್ಮ ಮಕ್ಕಳೂ ಇದನ್ನು ಯೋಚಿಸಲಿ.

ಹಾಗಾದರೆ ಬೇಲಿಯಿಲ್ಲದೆ ಉಳಿಯುವ ಬಗೆ ಯಾವುದು? ಕೆಲಸದಿಂದ ಉಳಿಯುವುದು. ಬಿ.ಎಲ್. ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಪಾದ್ರಿಯೊಬ್ಬರ ಮಗ. ಹಳಗನ್ನಡ ಕಲಿತು, ಹಳ್ಳಿಹಳ್ಳಿ ತಿರುಗಿ, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಕೂಡಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಬಂದಿತು. ಮಾಲೂರು ತಾಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದ ಸಣ್ಣಕಥೆಗೆ ತಂದೆಯಂತಾದರು. ದೇವನಹಳ್ಳಿಯಲ್ಲಿ ಹುಟ್ಟಿದ ನಿಸಾರ್ ಅಹಮದರ ಮನೆಮಾತು ಉರ್ದು. ಅವರ ‘ನಿತ್ಯೋತ್ಸವ’ ಕನ್ನಡಿಗರ ಮನೆಮನೆಯ ಹಾಡಾಯಿತು. ಹಾಸನದ ಬಾನು ಮುಷ್ತಾಕ್ ಅವರು ಉರ್ದು ಮನೆಮಾತಿನ ಬಾಲಕಿಯಾಗಿ, ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆ ಸೇರಿ ಅಕ್ಷರ ಕಲಿತವರು. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡದ ಕೃತಿಯೊಂದಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಅವುಗಳನ್ನು ಇಂಗ್ಲಿಷಿಗೆ ಒಯ್ದ ದೀಪಾ ಭಾಸ್ತಿ ಅವರಿಗೆ ಎರಡೂ ನುಡಿಗಳು ಗಟ್ಟಿಯಾಗಿ ಬರುತ್ತಿದ್ದುದರಿಂದಲೇ ಅದು ಸಾಧ್ಯವಾಯಿತು. ಹೊರಗಿನಿಂದ ಬಂದವರು ಕನ್ನಡದಲ್ಲಿ ಕೆಲಸ ಮಾಡಿ ಕನ್ನಡಿಗರಾದರು. ಕನ್ನಡದ ಮನೆಯಲ್ಲೇ ಹುಟ್ಟಿದವನು ಆ ಕೆಲಸ ಬಿಟ್ಟರೆ ಅವನ ಕನ್ನಡತನ ಜನನ ಪತ್ರದಲ್ಲಿ ಮಾತ್ರ ಉಳಿಯುತ್ತದೆ.

ನಮ್ಮ ಸಮಾಜದ ಯುವಕರು ಫ.ಗು. ಹಳಕಟ್ಟಿಯವರನ್ನು ನೆನೆಯಲಿ. ಅವರು ಮುಂಬಯಿಯಲ್ಲಿ ಇಂಗ್ಲಿಷ್ ವಿದ್ಯೆ ಕಲಿತ ವಕೀಲರು. ಆ ವಿದ್ಯೆ ಅವರನ್ನು ಮನೆಯಿಂದ ದೂರ ಮಾಡಲಿಲ್ಲ. ವಿಜಾಪುರದಲ್ಲಿ ವಕೀಲಿ ಮಾಡುತ್ತ, ಧೂಳು ಹಿಡಿದ ತಾಳೆಗರಿಗಳನ್ನು ಮನೆಮನೆಯಿಂದ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಮನೆ ಮಾರಿ ಮುದ್ರಣಾಲಯ ಕಟ್ಟಿದರು. ವಕೀಲಿಯಿಂದ ಸಿಗಬಹುದಾಗಿದ್ದ ಸಂಪತ್ತಿಗೆ ಬೆನ್ನುಹಾಕಿ 1964ರಲ್ಲಿ ಬಡತನದಲ್ಲಿಯೇ ಕಣ್ಣುಮುಚ್ಚಿದರು. ಇಂದು ವಚನಗಳು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಓದಲು ಸಿಗುತ್ತಿದ್ದರೆ ಅದರ ಬೀಜ ಆ ಬಡ ವಕೀಲರ ಜೋಳಿಗೆಯಲ್ಲಿತ್ತು. ಇಂಗ್ಲಿಷ್ ಕಲಿತವನು ಕೆಡುತ್ತಾನೆ ಎನ್ನುವವರಿಗೆ ಅವರ ಜೀವನವೇ ಉತ್ತರ; ಇಂಗ್ಲಿಷ್ ಕಲಿತ ಮೇಲೆ ಕನ್ನಡವೇಕೆ ಎನ್ನುವವರಿಗೂ ಅದೇ ಉತ್ತರ.

ಇಷ್ಟು ದೊಡ್ಡ ತ್ಯಾಗವನ್ನು ನಾವು ಎಲ್ಲರಿಂದಲೂ ಕೇಳುತ್ತಿಲ್ಲ. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಯಿತು. ಅದಕ್ಕೂ ಮೊದಲು, 1940ರಲ್ಲಿ, ಎಚ್.ಎ.ಎಲ್. ಬಂದಿತ್ತು. ದೇಶದ ನಾನಾ ಕಡೆಯ ಜನ ಅಲ್ಲಿ ಒಟ್ಟಿಗೆ ದುಡಿದರು. ಪಾಳಿ ಮುಗಿಸಿದ ಕಾರ್ಮಿಕರು ಕನ್ನಡ ಸಂಘಗಳನ್ನು ಕಟ್ಟಿ ನಾಟಕವಾಡಿದರು, ರಾಜ್ಯೋತ್ಸವ ನಡೆಸಿದರು, ಪುಸ್ತಕ ಓದಿದರು. ಕೈಗೆ ಎಣ್ಣೆ ಹತ್ತಿದವರು ಕನ್ನಡವನ್ನು ಕೈಬಿಡಲಿಲ್ಲ. ಇಂದು ತಂಪು ಕೋಣೆಯಲ್ಲಿ ಕುಳಿತು, ಅವರಿಗಿಂತ ಹಲವು ಪಟ್ಟು ಸಂಬಳ ಪಡೆಯುವವರಿಗೆ ಬಿಡುವಿಲ್ಲವೆಂದರೆ ನಂಬುವುದು ಹೇಗೆ? ಇಂದಿನ ಯಂತ್ರವೂ ಕನ್ನಡಕ್ಕೆ ಶತ್ರುವಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಿಂದ ಕನ್ನಡ ಗಣಕಕ್ಕೆ ಸರಾಗವಾಗಿ ಇಳಿಯಿತು. ಕಿಸೆಯಲ್ಲಿರುವ ಫೋನಿನಲ್ಲಿ ಕನ್ನಡ ಬರೆಯಬಹುದು, ಓದಬಹುದು, ಕೇಳಬಹುದು. ಸಾಧನವಿದೆ, ಸಾಧಕ ಬೇಕು.

ಮಕ್ಕಳ ಶಿಕ್ಷಣ ಮಾಧ್ಯಮದ ಮಾತು ಬಂದಾಗ ತಂದೆತಾಯಿಗಳು ಸರ್ಕಾರದ ಕಡೆ ಬೆರಳು ತೋರಿಸುತ್ತಾರೆ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯ ಮಾಡಲಾಗದು, ಆಯ್ಕೆ ತಂದೆತಾಯಿಗಳದು ಎಂದು ತೀರ್ಪಿತ್ತಿತು. ಆಯ್ಕೆ ನಿಮ್ಮದಾದ ಮೇಲೆ ಹೊಣೆಯೂ ನಿಮ್ಮದೇ. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮವಿರಲಿ; ಊಟದ ತಟ್ಟೆಯ ಮುಂದೆ ಯಾವ ಮಾಧ್ಯಮವಿರಬೇಕೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಪರೀಕ್ಷೆಯ ಅಂಕಕ್ಕಾಗಿ ಕಲಿತ ನುಡಿ ಪರೀಕ್ಷೆಯೊಡನೆ ಮುಗಿಯುತ್ತದೆ. ಮುದ್ದಿನಲ್ಲಿ, ಮುನಿಸಿನಲ್ಲಿ ಕಲಿತ ನುಡಿ ಕೊನೆಯುಸಿರಿನವರೆಗೆ ಬರುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ವಾರದ ರಜೆಯಲ್ಲಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಕನ್ನಡ ಕೂಟಗಳ ತರಗತಿಗೆ ಒಯ್ಯುತ್ತವೆ. ಕಳೆದುಕೊಳ್ಳುವ ಭಯ ಅವರಿಗೆ ಗೊತ್ತು. ಇಂದಿರಾನಗರದಲ್ಲಿರುವವರಿಗೆ ಆ ಭಯವೇ ಇಲ್ಲ. ಊರೇ ಕನ್ನಡದ್ದಲ್ಲವೇ ಎಂಬ ಧೈರ್ಯ. ದೀಪದ ಬುಡದಲ್ಲಿಯೇ ಕತ್ತಲೆ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಯುವ ಬಂಧುಗಳೇ, ನಾವು ನಿಮ್ಮನ್ನು ಜಗತ್ತಿನಿಂದ ಹಿಂದಕ್ಕೆ ಕರೆಯುತ್ತಿಲ್ಲ. ‘ದೇಶ ಸುತ್ತು, ಕೋಶ ಓದು’ ಎಂದವರು ನಮ್ಮ ಹಿರಿಯರೇ. ಯಾವ ದೇಶಕ್ಕೆ ಬೇಕಾದರೂ ಹೋಗಿ, ಯಾವ ಭಾಷೆ ಬೇಕಾದರೂ ಕಲಿಯಿರಿ, ಒಳ್ಳೆಯ ಉಡುಪು ತೊಡಿರಿ. ಕನ್ನಡತನ ಉಡುಪಿನಲ್ಲಿಲ್ಲ, ನವೆಂಬರಿನ ಒಂದು ದಿನದ ಶಾಲಿನಲ್ಲಿಯೂ ಇಲ್ಲ. ದಿನಕ್ಕೊಂದು ಪುಟ ಕನ್ನಡ ಓದಿ. ವಾರಕ್ಕೊಮ್ಮೆ ಊರಿನಲ್ಲಿರುವ ಅಜ್ಜ ಅಜ್ಜಿಯರೊಡನೆ ಅವರ ನುಡಿಯಲ್ಲಿಯೇ ಮಾತಾಡಿ. ಅವರು ಹೇಳಿದ್ದನ್ನು ಬರೆದಿಡಿ. ನಿಮ್ಮ ಜೊತೆಯಲ್ಲಿ ಕೆಲಸ ಮಾಡುವ ಪರಭಾಷಿಕ ಗೆಳೆಯನಿಗೆ ದಿನಕ್ಕೊಂದು ಕನ್ನಡ ಮಾತು ನಗುನಗುತ್ತ ಕಲಿಸಿ. ಗದರಿಸಿ ಕಲಿಸಿದ ನುಡಿಯನ್ನು ಅವನು ಬಾಯಲ್ಲಿ ಆಡಿಯಾನು, ಎದೆಯಲ್ಲಿ ಇಟ್ಟುಕೊಳ್ಳಲಾರ. ಹೊರಗಿನಿಂದ ಬಂದ ಬಂಧುಗಳಿಗೂ ಒಂದು ಮಾತು. ಅನ್ನ ಕೊಟ್ಟ ನೆಲದ ನುಡಿಯನ್ನು ಕಲಿಯುವುದು ಸೋಲಲ್ಲ, ಅದು ಉಂಡ ಮನೆಗೆ ಸಲ್ಲಿಸುವ ವಂದನೆ.

ತಾಯಂದಿರೇ, ತಂದೆಗಳೇ, ಈ ಕೆಲಸವನ್ನು ನಾಳೆಗೆಂದು ಮುಂದೂಡಬೇಡಿ. ಮಗು ಏಳು ವರ್ಷದ್ದಾಗಿರುವಾಗ ಹಿಡಿಯದ ನುಡಿಯನ್ನು ಇಪ್ಪತ್ತೇಳರಲ್ಲಿ ಹಿಡಿಯುವುದು ಕಷ್ಟ. ಅಷ್ಟರಲ್ಲಿ ಕಲಿಸುವ ಅಜ್ಜಿಯೂ ಇರುವುದಿಲ್ಲ. ಬೀದಿಯ ಫಲಕವನ್ನು ಸರ್ಕಾರ ಅಳೆಯಲಿ. ಮನೆಯ ಮಾತನ್ನು ನೀವು ಅಳೆದುಕೊಳ್ಳಿ. ಕುರುಹಿಗೆ ಅರಿವು ಕೂಡಲಿ, ಅರಿವು ಆಚಾರವಾಗಲಿ. ಎಲ್ಲರ ಮನೆಗಳಲ್ಲಿಯೂ ಮಕ್ಕಳು ಹಿರಿಯರೊಡನೆ ದುಭಾಷಿಯಿಲ್ಲದೆ ಮಾತಾಡುವ ಭಾಗ್ಯ ಉಂಟಾಗಲಿ ಎಂದು ಹಾರೈಸುತ್ತೇವೆ.